ನೀರಿಲ್ಲದ ಸೀಮೆಯ ದೋಣಿಯ ಗುರು

ತಾಂಬಾ ಗ್ರಾಮದಲ್ಲಿ ಒಂದು ಕಾಲಕ್ಕೆ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು ಎಂದರೆ ಓದುಗ ಬಂಧುಗಳು ನಕ್ಕಾರು. ಇಂಡಿ ತಾಲೂಕಿನ ಈ ಊರಿಗೆ ಸಮುದ್ರ ಬಹುದೂರ. ಭೀಮಾ ನದಿಯೂ ಕೂಗಳತೆಯಲ್ಲಿಲ್ಲ. ಇದು ಬಿಳಿಜೋಳ, ತೊಗರಿ, ಅಗಸಿ, ನಿಂಬೆಗಳ ನೆಲ. ಮಳೆಗಾಗಿ ಮುಗಿಲು ನೋಡುತ್ತ ಕುಳಿತುಕೊಳ್ಳುವ ಸೀಮೆ. ಆದರೂ ಪಂದ್ಯ ನಡೆಯುತ್ತಿದ್ದುದು ನಿಜ. ಆ ದೋಣಿಗಳು ಒಂದೇ ಮೊಳ ಉದ್ದದವು. ಅವುಗಳ ಒಡೆಯರಾದ ನಾವು ಹತ್ತು ಹನ್ನೆರಡು ವರ್ಷದ ಹುಡುಗರು. ಈ ಆಟವನ್ನು ನಮಗೆ ಕಲಿಸಿ, ಅದರ ನೆವದಿಂದ ಬದುಕಿನ ಒಂದು ನಡೆಯನ್ನೂ ಕಲಿಸಿದ ಹಿರಿಯರನ್ನು ಇಲ್ಲಿ ನೆನೆಯಬಯಸುತ್ತೇವೆ. ಹೆಸರು ಮೆರೆಸುವುದು ಅವರಿಗೆ ಎಂದೂ ಸೇರುತ್ತಿರಲಿಲ್ಲ. ಆದ್ದರಿಂದ ಊರವರು ಕರೆದಂತೆ ನಾವೂ ಅವರನ್ನು 'ಹಡಗದ ಕಾಕಾ' ಎಂದೇ ಕರೆಯುತ್ತೇವೆ.

ಕಾಕಾ ಅವರು ಮುಂಬಯಿಯ ಹಡಗುಕಟ್ಟೆಯಲ್ಲಿ ಬಹುಕಾಲ ಬಡಿಗತನ ಮಾಡಿ ಊರಿಗೆ ಮರಳಿದವರು. 1961ರಲ್ಲಿ ನಮ್ಮ ನೌಕಾಪಡೆಯ ಮೊದಲ ವಿಮಾನವಾಹಕ ಹಡಗು 'ವಿಕ್ರಾಂತ' ಮುಂಬಯಿಗೆ ಬಂದುದನ್ನು ಅವರು ಕಣ್ಣಾರೆ ಕಂಡಿದ್ದರು. ಸುಮಾರು 700 ಅಡಿ ಉದ್ದದ ಆ ಹಡಗನ್ನು ಬಣ್ಣಿಸುವಾಗ ಅವರು ಊರ ಅಗಸಿಬಾಗಿಲಿನಿಂದ ನಡೆಯತೊಡಗಿ, ಹೆಜ್ಜೆ ಎಣಿಸುತ್ತ ಹೋಗಿ ದೂರದ ಬೇವಿನ ಮರದ ಹತ್ತಿರ ನಿಂತು, "ಇಲ್ಲೀತನಾ ಬರ್ತದ ನೋಡ್ರಿ" ಎನ್ನುತ್ತಿದ್ದರು. ಸಮುದ್ರವನ್ನೇ ಕಾಣದ ನಮಗೆ ಹಡಗಿನ ಅಳತೆ ತಿಳಿದದ್ದು ಹೀಗೆ.

ಅವರ ಶಿಷ್ಯರಾಗಲು ಒಂದೇ ಕರಾರು. ಈಜು ಬಾರದವನಿಗೆ ದೋಣಿಯಿಲ್ಲ. ಊರ ಹೊರಗೆ ಕಲ್ಲು ತೆಗೆದ ಖಣಿಯಲ್ಲಿ ಮಳೆಗಾಲದ ನೀರು ನಿಲ್ಲುತ್ತಿತ್ತು. ಅಲ್ಲಿಯೇ ನಮ್ಮ ಪಂದ್ಯ. ಆದರೆ ಖಣಿಯ ಆಳ ಕಣ್ಣಿಗೆ ಕಾಣುವಂಥದಲ್ಲ ಎಂಬುದನ್ನು ಕಾಕಾ ಅರಿತಿದ್ದರು. ಮೊದಲು ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಈಜು ಕಲಿಸಿದರು. ಬೆಂಡಿನ ಹಂಗು ಕಳೆದ ಮೇಲೆಯೇ ಕೈಗೆ ಉಳಿ ಕೊಟ್ಟರು. ಪಂದ್ಯದ ದಿನವೂ ಹಗ್ಗ ಕಟ್ಟಿದ ಟ್ಯೂಬೊಂದು ಅವರ ಕಾಲಬಳಿಯಲ್ಲಿ ಇದ್ದೇ ಇರುತ್ತಿತ್ತು.

ದೋಣಿಗೆ ಬೇಕಾದುದೆಲ್ಲ ಊರಲ್ಲಿಯೇ ದೊರೆಯುತ್ತಿತ್ತು. ಕತ್ತಾಳೆ ತನ್ನ ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಒಣಗುತ್ತದೆಯಷ್ಟೆ. ಹೊಲದ ಬದುವಿನಲ್ಲಿ ಹಾಗೆ ಒಣಗಿ ನಿಂತ ದಂಟು ತೋಳಿನಷ್ಟು ದಪ್ಪ, ಹತ್ತಿಯಷ್ಟು ಹಗುರ. ಅದನ್ನು ಕೆತ್ತಿ ಒಡಲು ಮಾಡುವುದು. ಮೇಲೆ ಅಗಸಿ ಎಣ್ಣೆಯನ್ನು ಪದರು ಪದರಾಗಿ ಉಜ್ಜಿ ಒಣಗಿಸುವುದು. ಹಳೆಯ ಧೋತರದ ತುಂಡೇ ಹಾಯಿ, ಬಿದಿರಿನ ಸೀಳೇ ಪಟಕಂಬ. ತಳದಲ್ಲಿ ತಗಡಿನ ಒಂದು ರೆಕ್ಕೆ. ಅದರ ತುದಿಗೆ ಕರಗಿಸಿ ಎರೆದ ಸೀಸದ ಗಟ್ಟಿ. ಸೀಸ ಕರಗಿಸುವ ಕೆಲಸವನ್ನು ಮಾತ್ರ ಕಾಕಾ ತಾವೇ ಮಾಡುತ್ತಿದ್ದರು. ಆಗ ನಾವು ಹತ್ತು ಹೆಜ್ಜೆ ದೂರ ನಿಲ್ಲಬೇಕು. ಬಳಿಕ ದನಗಳು ನೀರು ಕುಡಿಯುವ ಕಲ್ಲಿನ ಬಾನಿಯಲ್ಲಿ ದೋಣಿಯನ್ನು ಇಟ್ಟು, ಹಾಯಿ ನೀರಿಗೆ ತಾಗುವಂತೆ ಒತ್ತಿ ಕೈಬಿಡುತ್ತಿದ್ದರು. ತಾನಾಗಿ ಎದ್ದು ನಿಂತರೆ ದೋಣಿ ಪಾಸು. ಏಳದಿದ್ದರೆ ಸೀಸ ಸಾಲದು.

ಅಳತೆಯಲ್ಲಿ ಅವರು ಬಹಳ ಕಟ್ಟುನಿಟ್ಟು. ಎಲ್ಲ ದೋಣಿಗಳೂ ಒಂದೇ ಮೊಳ. ಅರ್ಧ ಬೆರಳು ಹೆಚ್ಚಾದರೂ ಪಂದ್ಯಕ್ಕಿಲ್ಲ. ಇದರ ಮರ್ಮ ನಮಗೆ ಕಾಲೇಜಿನ ಮೆಟ್ಟಿಲೇರಿದ ಮೇಲೆ ಹೊಳೆಯಿತು. ನೀರಿನಲ್ಲಿ ಚಲಿಸುವ ದೋಣಿ ತಾನೇ ಎಬ್ಬಿಸಿದ ಅಲೆಯ ಕಟ್ಟಿಗೆ ಒಳಗಾಗುತ್ತದೆ. ಒಡಲು ನಾಲ್ಕು ಪಟ್ಟು ಉದ್ದವಾದರೆ ಅದರ ವೇಗದ ಮಿತಿ ಎರಡು ಪಟ್ಟಾಗುತ್ತದೆ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ವಿಜ್ಞಾನಿ 1870ರ ದಶಕದಲ್ಲಿ ಟಾರ್ಕಿ ಎಂಬಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಪುಟ್ಟ ಮಾದರಿ ದೋಣಿಗಳನ್ನು ಎಳೆದು ದೊಡ್ಡ ಹಡಗುಗಳ ಗುಣವನ್ನು ಲೆಕ್ಕ ಹಾಕುತ್ತಿದ್ದನು. ಆಟಿಗೆಯಂತೆ ಕಾಣುವ ದೋಣಿಯಲ್ಲಿ ಇಷ್ಟು ಶಾಸ್ತ್ರ ಅಡಗಿದೆ. ಕಾಕಾ ಅವರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಉದ್ದನೆಯ ದೋಣಿ ಓಡುತ್ತದೆ, ಆದ್ದರಿಂದ ಸಿರಿವಂತರ ಮಗನಿಗೂ ಬಡವರ ಮಗನಿಗೂ ಅಳತೆ ಒಂದೇ ಇರಬೇಕು ಎಂಬುದು ತಿಳಿದಿತ್ತು.

ನಾಗರ ಪಂಚಮಿಯ ಮರುದಿನ ಪಂದ್ಯ. ಆಗ ಖಣಿಯಲ್ಲಿ ನೀರೂ ಇರುತ್ತದೆ, ಪಡುವಣ ಗಾಳಿಯೂ ಇರುತ್ತದೆ. ಹಾಯಿ ಮುಂದಕ್ಕೆ ಹೆಚ್ಚಾದರೆ ದೋಣಿಯ ಮೂತಿ ಗಾಳಿಗೆ ಬೆನ್ನು ತಿರುಗಿಸುತ್ತದೆ. ಹಿಂದಕ್ಕೆ ಹೆಚ್ಚಾದರೆ ಗಾಳಿಗೆ ಎದುರಾಗಿ ನಿಂತುಬಿಡುತ್ತದೆ. ಆದ್ದರಿಂದ ಹಾಯಿಯ ಹಗ್ಗ, ಚುಕ್ಕಾಣಿಯ ಓರೆ, ಎಲ್ಲವನ್ನೂ ದಂಡೆಯ ಮೇಲೆಯೇ ಹದಗೊಳಿಸಬೇಕು. ಒಮ್ಮೆ ಕೈಬಿಟ್ಟ ಮೇಲೆ ಆಚೆ ದಡ ಮುಟ್ಟುವವರೆಗೆ ಯಾರೂ ಮುಟ್ಟುವಂತಿಲ್ಲ. ಕಲ್ಲೆಸೆದು ಅಲೆ ಎಬ್ಬಿಸುವಂತಿಲ್ಲ. ಶರಣ ಅಂಬಿಗರ ಚೌಡಯ್ಯನವರನ್ನು ನೆನೆದು ಕಾಕಾ ಹೇಳುತ್ತಿದ್ದರು: "ಅಂಬಿಗ ದೋಣಿಯಾಗ ತಾನೂ ಇರ್ತಾನ, ಕೈಯಾಗ ಹುಟ್ಟೂ ಇರ್ತದ. ನಮ್ಮ ದೋಣಿಯಾಗ ಯಾರೂ ಇಲ್ಲ. ಬಿಡೂಕಿಂತ ಮೊದಲ ಎಲ್ಲಾ ನೋಡಬೇಕು, ತಮ್ಮಾ. ಬಿಟ್ಟ ಮ್ಯಾಲ ನೋಡೂದಷ್ಟ."

1972ರ ಬರಗಾಲವನ್ನು ನಮ್ಮ ಸೀಮೆಯ ಹಿರಿಯರಾರೂ ಮರೆತಿರಲಾರರು. ಖಣಿ ಬತ್ತಿ ತಳದ ಕಲ್ಲು ಕಂಡಿತು. ಹೊಟ್ಟೆಪಾಡಿಗಾಗಿ ಜನ ಖಡಿ ಒಡೆಯಲು ಹೋದರು. ಎಷ್ಟೋ ಮನೆಗಳಿಗೆ ಬೀಗ ಬಿದ್ದು, ಸೊಲ್ಲಾಪುರ, ಮುಂಬಯಿಗಳ ದಾರಿ ತುಳಿದರು. ದನಗಳ ಬಾನಿಯಲ್ಲಿ ದೋಣಿ ತೇಲಿಸುವುದನ್ನು ಕಾಕಾ ನಿಲ್ಲಿಸಿಬಿಟ್ಟರು. "ದನಾ ಕುಡಿಯೂ ನೀರಿನಾಗ ಆಟ ಬ್ಯಾಡ" ಎಂದರು. ಆದರೆ ಪಾಠ ನಿಲ್ಲಿಸಲಿಲ್ಲ. ದೋಣಿಗಳನ್ನು ನೂಲಿನಿಂದ ತೂಗುಬಿಟ್ಟು, ಗಾಳಿಗೆ ಹಾಯಿ ಹೇಗೆ ಹೊರಳುತ್ತದೆಂದು ತೋರಿಸಿದರು. ಬಿಸಿಲಿಗೆ ಒಡಲು ಸೀಳಬಾರದೆಂದು ಎಣ್ಣೆ ತಿಕ್ಕಿಸಿದರು. ನೀರೇ ಇಲ್ಲದ ವರುಷ ದೋಣಿಗೆ ಎಣ್ಣೆ ತಿಕ್ಕುವ ಮುದುಕನನ್ನು ಕಂಡು ಊರ ಕಟ್ಟೆಯಲ್ಲಿ ನಕ್ಕವರುಂಟು.

ನಮ್ಮ ಗೆಳೆಯನೊಬ್ಬನ ಮನೆಯವರೂ ಆ ವರುಷ ಸೊಲ್ಲಾಪುರಕ್ಕೆ ಗುಳೆ ಹೋದರು. ನಮ್ಮೆಲ್ಲರಿಗಿಂತ ಚೆನ್ನಾಗಿ ಉಳಿ ಹಿಡಿಯುತ್ತಿದ್ದ ಹುಡುಗ. ಗಂಟುಮೂಟೆಯಲ್ಲಿ ದೋಣಿಗೆ ಎಡೆಯಿರಲಿಲ್ಲ. ಅವನು ಅದನ್ನು ಕಾಕಾ ಅವರ ಪಡಸಾಲೆಯಲ್ಲಿ ಇಟ್ಟು, ಏನೂ ಮಾತಾಡದೆ ಹೊರಟುಹೋದನು. ಅಂದಿನಿಂದ ನಮ್ಮ ದೋಣಿಗಳಿಗೆ ಎಣ್ಣೆ ತಿಕ್ಕುವ ದಿನ ಅವನ ದೋಣಿಗೆ ಕಾಕಾ ತಾವೇ ತಿಕ್ಕುತ್ತಿದ್ದರು.

1973ರಲ್ಲಿ ಮಳೆ ಬಂತು. ಪಂಚಮಿಯ ಮರುದಿನ ಖಣಿಯ ದಂಡೆಯಲ್ಲಿ ನಾವು ಸಾಲಾಗಿ ನಿಂತೆವು. ಕಾಕಾ ಅವರು ಧೋತರದ ಮಡಿಲಿನಿಂದ ಆ ಗೆಳೆಯನ ದೋಣಿಯನ್ನು ತೆಗೆದು, ಸಾಲಿನಲ್ಲಿ ಅವನು ನಿಲ್ಲುತ್ತಿದ್ದ ಜಾಗದಲ್ಲಿ ತಾವು ನಿಂತರು. ಹಾಯಿಯ ಹಗ್ಗವನ್ನಾಗಲಿ ಚುಕ್ಕಾಣಿಯನ್ನಾಗಲಿ ಅವರು ಮುಟ್ಟಲಿಲ್ಲ. ಹುಡುಗ ಹೇಗೆ ಹದಮಾಡಿ ಇಟ್ಟಿದ್ದನೋ ಹಾಗೆಯೇ ನೀರಿಗೆ ಬಿಟ್ಟರು. ಅಂದು ಯಾರು ಗೆದ್ದರೆಂಬುದು ಈಗ ಮುಖ್ಯವಲ್ಲ. ಮುಂದಿನ ವರುಷದ ದೀಪಾವಳಿಗೆ ಗೆಳೆಯ ಊರಿಗೆ ಬಂದು ಅಂಜುತ್ತ ಅವರ ಬಾಗಿಲಲ್ಲಿ ನಿಂತನು. ಕಾಕಾ ಒಳಗಿನಿಂದ ದೋಣಿಯನ್ನು ತಂದು ಅವನ ಕೈಗಿಟ್ಟು ಹೇಳಿದ್ದು ಒಂದೇ ಮಾತು: "ಹ್ವಾದ ವರ್ಷ ನಿಂದು ಎರಡನೇ ನಂಬರ ಬಂತು." ಊರು ಬಿಟ್ಟು ಹೋದವನಿಗೆ ಊರಿನಲ್ಲಿ ತನ್ನ ಜಾಗ ಹಾಗೆಯೇ ಇದೆ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಸಾಧ್ಯವೇ?

ಇಂದು ಈ ಹವ್ಯಾಸ ಬಹಳ ಬೆಳೆದಿದೆ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ತಂತಿಯಿಲ್ಲದೆ ಪುಟ್ಟ ದೋಣಿಯನ್ನು ನಡೆಸಿ ತೋರಿಸಿದನು. ಈಗ ದೇಶದೇಶಗಳಲ್ಲಿ ರೇಡಿಯೋದಿಂದ ಹಾಯಿಯನ್ನೂ ಚುಕ್ಕಾಣಿಯನ್ನೂ ದಡದಿಂದಲೇ ತಿರುಗಿಸುವ ಪಂದ್ಯಗಳು ನಡೆಯುತ್ತವೆ. ನಮ್ಮಲ್ಲಿ ಎನ್‌ಸಿಸಿಯ ನೌಕಾ ವಿಭಾಗದ ಮಕ್ಕಳಿಗೆ ಹಡಗಿನ ಮಾದರಿ ಕಟ್ಟುವುದನ್ನು ಕಲಿಸುತ್ತಾರೆ. ಅವರ ಅಖಿಲ ಭಾರತ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೂ ಉಂಟು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನಮಗೆ ಕಾಕಾ ಅವರ ರೀತಿಯೇ ಹಿತವೆನಿಸುತ್ತದೆ. ದೂರದ ಊರಿಗೆ ಓದಲು ಹೋದ ಮಗನನ್ನು, ಮದುವೆಯಾಗಿ ಹೋದ ಮಗಳನ್ನು ಗಳಿಗೆಗೊಮ್ಮೆ ದಡದಿಂದಲೇ ತಿರುಗಿಸಲು ಹವಣಿಸುವ ತಂದೆತಾಯಿಗಳನ್ನು ಕಂಡಾಗಲೆಲ್ಲ ಅವರ ಮಾತು ನೆನಪಾಗುತ್ತದೆ. ತಳಕ್ಕೆ ಸಾಕಷ್ಟು ಸೀಸ ಎರೆದಿದ್ದರೆ ಮಗುಚಿದ ದೋಣಿ ತಾನೇ ಏಳುತ್ತದೆ. ಎರೆಯುವ ಕೆಲಸ ದಂಡೆಯ ಮೇಲಿರುವಾಗಿನದು.

1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಆಣೆಕಟ್ಟು 2006ರಲ್ಲಿ ನಾಡಿಗೆ ಸಮರ್ಪಿತವಾಯಿತು. ಜಿಲ್ಲೆಯಲ್ಲಿ ಸಮುದ್ರದಂತೆ ಹರಡಿದ ಆ ಕೃಷ್ಣೆಯ ನೀರನ್ನು ನೋಡುವ ಭಾಗ್ಯ ಕಾಕಾ ಅವರಿಗಿರಲಿಲ್ಲ. ಅದಕ್ಕೆ ಮೊದಲೇ ಅವರು ಲಿಂಗೈಕ್ಯರಾದರು. ನಾವು ಕೊನೆಯ ದರ್ಶನಕ್ಕೆ ಹೋದಾಗ ಅವರ ಪಡಸಾಲೆಯಲ್ಲಿ ಎರಡು ಉಳಿ, ಒಂದು ಫೂಟಪಟ್ಟಿ, ಅಗಸಿ ಎಣ್ಣೆಯ ಬಾಟಲಿ ಇದ್ದವು. ದೋಣಿ ಮಾತ್ರ ಒಂದೂ ಇರಲಿಲ್ಲ. ಅವರು ಕಲಿಸಿದ ದೋಣಿಗಳೆಲ್ಲ ಮಾಡಿದವರ ಮನೆಗಳಲ್ಲಿದ್ದವು.