ಕೊನೆಯವನ ಹೆಜ್ಜೆ

ಜೂನ್‌ನ ಶನಿವಾರ. ಬೆಳಗಿನ ತರಗತಿ ಮುಗಿದು ಮಕ್ಕಳೆಲ್ಲ ಗೇಟು ದಾಟಿದ್ದಾರೆ. ಮಾಗಡಿ ತಾಲ್ಲೂಕಿನ ಈ ಪ್ರೌಢಶಾಲೆಯ ಅಂಗಳದಲ್ಲಿ ಉಳಿದಿರುವುದು ಸ್ಕೌಟ್ ದಳ ಮಾತ್ರ. ನಿಮ್ಮ ಕೈಯಲ್ಲಿ ಹಗ್ಗ. ಕಂಬಕ್ಕೆ ಕ್ಲೋವ್ ಹಿಚ್ ಹಾಕುತ್ತೀರಿ, ಎಳೆದಷ್ಟೂ ಬಿಗಿಯುತ್ತದೆ. ಗೆಳೆಯನ ಸೊಂಟಕ್ಕೆ ಬೋಲೈನ್ ಹಾಕುತ್ತೀರಿ, ಎಷ್ಟು ಎಳೆದರೂ ಕುಣಿಕೆ ಕಿರಿದಾಗುವುದಿಲ್ಲ. ಮನುಷ್ಯನನ್ನು ಮೇಲೆತ್ತುವ ಗಂಟು ಅವನ ಉಸಿರನ್ನೇ ಕಟ್ಟಬಾರದಲ್ಲ! ಸ್ಕೌಟ್ ಮಾಸ್ಟರ್ ಹೇಳಬೇಕಾದ್ದನ್ನು ಪ್ಯಾಟ್ರೋಲ್ ಲೀಡರ್‌ಗೆ ಹೇಳಿ ಹುಣಸೆ ಮರದಡಿ ಕೂತುಬಿಡುತ್ತಾರೆ. ಎಂಟು ಜನಕ್ಕೆ ಕಲಿಸುವುದು, ತಿದ್ದುವುದು ಆ ಒಂಬತ್ತನೇ ತರಗತಿಯ ಹುಡುಗನ ಪಾಡು.

ನವೆಂಬರ್ 7. ದೇಶದಲ್ಲಿ ಚದುರಿದ್ದ ಸ್ಕೌಟ್ ಸಂಸ್ಥೆಗಳು 1950ರಲ್ಲಿ ಒಂದಾದ ದಿನ. ಧ್ವಜದ ಚೀಟಿ ಹಿಡಿದು ದೇಣಿಗೆ ಕೇಳಲು ಬಸ್ ನಿಲ್ದಾಣಕ್ಕೆ ಬಂದಿದ್ದೀರಿ, ಬಾಯಿ ಒಣಗಿದೆ. ಮೊದಲನೆಯವರು ತಲೆಯೆತ್ತುವುದಿಲ್ಲ. ಎರಡನೆಯವರು "ಯಾತಕ್ಕೆ?" ಅನ್ನುತ್ತಾರೆ. ತೊದಲುತ್ತ ಶುರುವಾದ ಉತ್ತರ, ಹೂವಿನಾಕೆಯ ಬುಟ್ಟಿ ತಲುಪುವ ಹೊತ್ತಿಗೆ ಗಟ್ಟಿಯಾಗಿದೆ.

ಡಿಸೆಂಬರ್. ಸಾವನದುರ್ಗ. ಮಲಗಿದ ಆನೆಯ ಬೆನ್ನಿನಂಥ ಏಕಶಿಲೆ, ತುದಿ ಸಮುದ್ರಮಟ್ಟದಿಂದ 1226 ಮೀಟರ್. ಮೆಟ್ಟಿಲಿಲ್ಲ. ಬಂಡೆಯ ಮೇಲೆ ಬಳಿದ ಬಾಣದ ಗುರುತು ನೋಡುತ್ತ, ಅಂಗಾಲು ಪೂರ್ತಿ ಊರುತ್ತ ಹತ್ತುತ್ತೀರಿ. ಕಡಿದಾದ ಜಾಗದಲ್ಲಿ ಎಂಟನೇ ತರಗತಿಯವನೊಬ್ಬ ಕೂತುಬಿಟ್ಟ. ಮಂಡಿ ನಡುಗುತ್ತಿದೆ. ಮೇಲೆ ಓಡಿದ ಇಬ್ಬರು "ಬನ್ರೋ" ಎಂದು ಕೂಗುತ್ತಿದ್ದಾರೆ. ಲೀಡರ್ ಮಾಸ್ಟರ್ ಕಡೆ ನೋಡುತ್ತಾನೆ. ಅವರ ಕಣ್ಣು ದೂರದ ಮಂಚನಬೆಲೆ ನೀರಿನ ಮೇಲಿದೆ. ಅವನು ಆ ಇಬ್ಬರನ್ನೂ ಕೆಳಗೆ ಕರೆಸುತ್ತಾನೆ. ಕೂತವನನ್ನು ಎಬ್ಬಿಸಿ ತನ್ನ ಬೆನ್ನಿಗೇ ನಿಲ್ಲಿಸಿಕೊಳ್ಳುತ್ತಾನೆ. "ಇನ್ಮೇಲೆ ಇವನ ಹೆಜ್ಜೆಗೆ ಎಲ್ಲರೂ." ಹಳೆಯ ಕೋಟೆಗೋಡೆ ಮುಟ್ಟುವಷ್ಟರಲ್ಲಿ ಇಳಿಯುವ ಹೊತ್ತಾಗಿದೆ. ತುದಿಯ ನಂದಿಯ ದರ್ಶನವಿಲ್ಲ. ನೀವೂ ಗೊಣಗುತ್ತಲೇ ಇಳಿಯುತ್ತೀರಿ.

ಜನವರಿ. ದೊಡ್ಡಬಳ್ಳಾಪುರದ ರಾಜ್ಯ ತರಬೇತಿ ಕೇಂದ್ರದಲ್ಲಿ ಶಿಬಿರ. ಜಿಲ್ಲೆ ಜಿಲ್ಲೆಯ ಹುಡುಗರನ್ನು ಬೆರೆಸಿ ಪ್ಯಾಟ್ರೋಲ್ ಮಾಡಿ, ಒಂದಕ್ಕೆ ನಿಮ್ಮನ್ನೇ ಲೀಡರ್ ಮಾಡಿದ್ದಾರೆ. ಇವತ್ತು ಪಾತ್ರೆಯಿಲ್ಲದ ಅಡುಗೆ. ಆಲೂಗಡ್ಡೆ ಬೂದಿಗೆ, ಬದನೆ ಕೆಂಡಕ್ಕೆ. ಆರು ಜನ ಆರು ಸಲಹೆ ಕೊಡುತ್ತಿದ್ದಾರೆ; ಕಲಬುರಗಿಯವ ಮಾತ್ರ ಬೆಳಗಿನಿಂದ ಬಾಯಿ ಬಿಟ್ಟಿಲ್ಲ. ಗದ್ದಲ ನಿಲ್ಲಿಸಿ ಅವನನ್ನೇ ಕೇಳುತ್ತೀರಿ.

"ರೊಟ್ಟಿ ಬಡಿಲಿಕ್ಕ ಬರ್ತದ."

ಹಿಟ್ಟಿನ ಪೊಟ್ಟಣ ಅವನತ್ತ ಸರಿಸುತ್ತೀರಿ. ಚಪ್ಪಟೆ ಕಲ್ಲು ಕಾಯುವಷ್ಟರಲ್ಲಿ ಎಂಟೂ ಜನರ ಅಂಗೈಗೆ ಹಿಟ್ಟು ಮೆತ್ತಿದೆ. ನಿಮ್ಮ ರೊಟ್ಟಿ ಅಂಚಿನಲ್ಲಿ ಸೀಳುತ್ತಿದೆ.

"ಹಂಗಲ್ಲೋ, ಹಿಂಗ!" ಎಂದು ಲೀಡರ್‌ನನ್ನೇ ಗದರುತ್ತಾನೆ ಆತ.