ಗಣಕಕ್ಕೆ ವಯಸ್ಸಾಗಿರಲಿಲ್ಲ

2018ರ ಮಾತು. ನಮ್ಮ ಸಂಘದ ಜಾಲತಾಣವನ್ನು ತೆರೆದೊಡನೆ ಗಣಕದ ಫ್ಯಾನು ಬುಸುಗುಡುತ್ತದೆ, ಮೌಸು ತೆವಳುತ್ತದೆ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. "ನಿಮ್ಮ ಗಣಕಕ್ಕೂ ವಯಸ್ಸಾಯಿತು, ಸರ್" ಎಂದು ನಾವು ನಕ್ಕುಬಿಟ್ಟೆವು.

ಕೆಲವು ವಾರಗಳ ಬಳಿಕ ನಮ್ಮ ಹೊಸ ಲ್ಯಾಪ್‌ಟಾಪೂ ಅಲ್ಲಿಯೇ ಬಿಸಿಯಾಯಿತು. ಕ್ರೋಮ್‌ನಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ಯಾವ ಪುಟ ಪ್ರೊಸೆಸರನ್ನು ಎಷ್ಟು ದುಡಿಸುತ್ತಿದೆಯೆಂಬುದು ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ದುಡಿಸುತ್ತಿದ್ದುದು ನಮ್ಮದೇ ಪುಟ. ಹೊರಗಿನಿಂದ ತಂದು ಸೇರಿಸಿದ್ದ ಸ್ಕ್ರಿಪ್ಟುಗಳನ್ನು ಒಂದೊಂದಾಗಿ ತೆಗೆದು ನೋಡಿದೆವು. ಭೇಟಿಗಳ ಲೆಕ್ಕಕ್ಕೆಂದು ಪುಕ್ಕಟೆಯಾಗಿ ಪಡೆದಿದ್ದ ಸ್ಕ್ರಿಪ್ಟನ್ನು ಕಿತ್ತೊಡನೆ ಫ್ಯಾನು ಶಾಂತವಾಯಿತು. ಅದು ಓದುಗರ ಗಣಕವನ್ನು ದುಡಿಸಿ, ಯಾರಿಗೋ ಮೊನೆರೊ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಿಕೊಡುತ್ತಿತ್ತು. ಕರೆಂಟಿನ ಖರ್ಚು ಓದುಗರದು.

ಅದೇ ವರ್ಷದ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹಲವು ಸರ್ಕಾರಿ ತಾಣಗಳಿಗೂ ಇದೇ ಗತಿಯಾಗಿತ್ತು: ದೃಷ್ಟಿ ಮಂದವಾದವರಿಗೆ ಪುಟವನ್ನು ಓದಿ ಹೇಳುವ ಸಲಕರಣೆಯೊಳಗೆ ಇಂಥದೇ ಸ್ಕ್ರಿಪ್ಟನ್ನು ಯಾರೋ ತುರುಕಿದ್ದರು. ದೊಡ್ಡವರೂ ಮೋಸಹೋದರೆಂಬುದು ನಮಗೆ ಸಮಾಧಾನ ತರಲಿಲ್ಲ. ಎರವಲು ತಂದ ಸಾಮಾನನ್ನು ಪರೀಕ್ಷಿಸದೆ ಅತಿಥಿಗಳ ಮುಂದಿಟ್ಟವರು ನಾವೇ.

ಹಿರಿಯರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆವು. "ಪರವಾಗಿಲ್ಲ ಬಿಡಿ" ಎಂದರು. ಅವರ ಗಣಕ ಅಷ್ಟರಲ್ಲಾಗಲೇ ಗುಜರಿ ಸೇರಿತ್ತು.