ಹೊಸಕೋಟೆ ತೇರು, ಆಟಗಾರರ ಕಾರ್ಡು

ಬೆಂಗಳೂರಿನಿಂದ ಹಳೆಯ ಮದ್ರಾಸು ರಸ್ತೆಯಲ್ಲಿ ಸುಮಾರು 25 ಕಿ.ಮೀ. ಸಾಗಿದರೆ ಹೊಸಕೋಟೆ. ಅವಿಮುಕ್ತೇಶ್ವರನ ತೇರಿನ ದಿನ ಕಡ್ಲೆಪುರಿ, ಬತ್ತಾಸಿನ ಅಂಗಡಿಗಳ ನಡುವೆ ಆಟಿಕೆಯವರ ಮೇಜಿನ ಮೇಲೆ ಕ್ರಿಕೆಟ್ ಆಟಗಾರರ ಕಾರ್ಡಿನ ಕಟ್ಟುಗಳನ್ನೂ ಕಾಣಬಹುದು. ಮಕ್ಕಳು ಅಲ್ಲಿಂದ ಕದಲುವುದಿಲ್ಲ.

'ದುಡ್ಡು ದಂಡ' ಎಂದು ಗದರಬೇಡಿ. ಅಮೆರಿಕದಲ್ಲಿ ಇಂಥ ಕಾರ್ಡುಗಳಿಗೆಂದೇ ಸಂತೆ ಕೂಡುತ್ತದೆ; ಮೇಜು ಬಾಡಿಗೆಗೆ ಹಿಡಿದು ಮಾರುತ್ತಾರೆ. ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್‌ನ 1952ರ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಅಂಥವು ಉಳಿದಿರುವುದೇ ಕಡಿಮೆ. ಇದರ ಮೂಲೆ ಕೂಡ ಸವೆದಿರಲಿಲ್ಲ.

ಜಾತ್ರೆಯ ಕಟ್ಟಿಗೆ ಆ ಬೆಲೆ ಬಾರದು. ಆದರೆ ಎರಡಿದ್ದುದನ್ನು ಕೊಟ್ಟು ಇಲ್ಲದ್ದನ್ನು ಪಡೆಯುವಾಗ ಮಗು ಬೆಲೆ ಕಟ್ಟಲು ಕಲಿಯುತ್ತದೆ. ಹರಿದದ್ದನ್ನು ಹರಿದಿದೆ ಎಂದೇ ಹೇಳಿ ಕೊಡುವುದನ್ನು ಮಾತ್ರ ನಾವು ಕಲಿಸಬೇಕು.